ಓಷಧಿ, ಔಷಧ ಮತ್ತು ನಮ್ಮ ಪಂಡಿತರು

ಪೇಟೆಬೀದಿಯಲ್ಲಿ ಅಂಗಡಿಯ ಹಲಗೆಗಳನ್ನು ಓದುತ್ತ ನಡೆದರೆ ‘ಔಷಧಿ’ ಎಂಬ ಶಬ್ದ ಹತ್ತು ಕಡೆ ಕಣ್ಣಿಗೆ ಬೀಳುತ್ತದೆ. ಹಲಗೆ ಬರೆಯುವವನ ಮೇಲೆ ನನಗೇನೂ ಸಿಟ್ಟಿಲ್ಲ. ಹೇಳಿದ್ದನ್ನು ಅವನು ಬರೆಯುತ್ತಾನೆ. ‘ಓಷಧಿ’ ಎಂದು ಸರಿಯಾಗಿ ಬರೆದ ಹುಡುಗನ ಉತ್ತರಕ್ಕೆ ಕೆಂಪು ಗೀಟೆಳೆದು ‘ಔಷಧಿ’ ಎಂದು ತಿದ್ದುವ ಪಂಡಿತರಿದ್ದಾರಲ್ಲ, ನನ್ನ ಜಗಳ ಅವರೊಡನೆ.

ಓಷಧಿ ಬೇರೆ, ಔಷಧ ಬೇರೆ. ಫಲ ಮಾಗಿದೊಡನೆ ಮುಗಿದುಹೋಗುವ ಗಿಡ ಓಷಧಿ. ಚರಕನೂ ಅಮರಸಿಂಹನೂ ಇದನ್ನು ಒಪ್ಪುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಭತ್ತ, ರಾಗಿ ಓಷಧಿಗಳು. ಬೇವಿನ ಮರ ಅಲ್ಲ. ಮದ್ದಿನ ಗಿಡಗಳಿಗೆಲ್ಲ ಆ ಹೆಸರು ಹರಡಿದ್ದು ಆಮೇಲಿನ ಮಾತು. ಈ ‘ಓಷಧಿ’ಗೆ ಅಣ್ ಪ್ರತ್ಯಯ ಸೇರಿ, ಆದಿಸ್ವರಕ್ಕೆ ವೃದ್ಧಿ ಬಂದು, ಕೊನೆಯ ಇಕಾರ ಲೋಪವಾಗಿ ‘ಔಷಧ’ವಾಗುತ್ತದೆ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯ, ನಾಲ್ಕನೆಯ ಪಾದದ 37ನೆಯ ಸೂತ್ರದಲ್ಲಿ ಪಾಣಿನಿ ಇದಕ್ಕೊಂದು ಕಟ್ಟು ಹಾಕಿದ್ದಾನೆ: ಗಿಡದ ಜಾತಿಯನ್ನು ಹೇಳುವಾಗ ಈ ಪ್ರತ್ಯಯ ಕೂಡದು. ಹೊಲದಲ್ಲಿ ಬೆಳೆದದ್ದು ಓಷಧಿ. ರೋಗಿ ಕುಡಿಯುವುದು ಔಷಧ. ಮೊದಲನೆಯದು ಸ್ತ್ರೀಲಿಂಗ, ಎರಡನೆಯದು ನಪುಂಸಕ.

ಇನ್ನು ಶಬ್ದದ ಹುಟ್ಟು. ‘ಉಷ್’ ಎಂದರೆ ಸುಡು, ‘ಧೇ’ ಎಂದರೆ ಹೀರು. ಸುಡುವುದನ್ನು ಹೀರುವುದರಿಂದ ಓಷಧಿ ಎಂಬುದು ಯಾಸ್ಕನ ಒಂದು ವಿವರಣೆ. ಮೈ ಸುಡುವಾಗ ಜನ ಕುಡಿಯುವುದರಿಂದ ಎಂಬುದು ಇನ್ನೊಂದು. ದೋಷವನ್ನು ಹೀರುವುದರಿಂದ ಎಂಬುದು ಮತ್ತೊಂದು. ಮೂರರಲ್ಲಿ ಯಾವುದನ್ನೇ ಒಪ್ಪಿ, ಬಿಡಿ. ಮೊದಲ ಅಕ್ಷರ ಮಾತ್ರ ‘ಓ’.

ಹಾಗಾದರೆ ಈ ‘ಔಷಧಿ’ ಎಲ್ಲಿಂದ ಬಂತು? ವೃದ್ಧಿಸಂಧಿಯ ಹೊಟ್ಟೆಯಿಂದ ಬಂದಿರಬೇಕು. ವನ, ಓಷಧಿ ಸೇರಿದರೆ ವನೌಷಧಿ. ವನ, ಔಷಧ ಸೇರಿದರೆ ವನೌಷಧ. ಸಂಧಿಯಲ್ಲಿ ಎರಡೂ ‘ಔ’ ಆದುವು. ಬಿಡಿಸುವವನು ಅವಸರದಲ್ಲಿ ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿದ.

ಸಂಸ್ಕೃತ ನಿಘಂಟಿನ ಮೂಲೆಯಲ್ಲಿ ‘ಔಷಧಿ’ಯೂ ಇದೆಯಲ್ಲ ಎನ್ನುವವರುಂಟು. ಇರಲಿ, ಅಲ್ಲಿಯೂ ಅದು ಓಷಧಿಗೆ ಪರ್ಯಾಯ, ಅಂದರೆ ಗಿಡವೇ. ಕನ್ನಡಕ್ಕೆ ತನ್ನದೇ ದಾರಿಯಿಲ್ಲವೆ ಎಂದು ಕೇಳುವವರೂ ಉಂಟು. ಧಾರಾಳವಾಗಿ ಇದೆ. ಕೇಶಿರಾಜನೇ ಅಪಭ್ರಂಶಕ್ಕೆಂದು ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಆದರೆ ನಾಲಗೆಯ ಸುಖಕ್ಕೆ ಹುಟ್ಟಿದ ತದ್ಭವದಲ್ಲಿ ‘ಷ’ಕಾರವೂ ಮಹಾಪ್ರಾಣವೂ ಹೀಗೆ ಮಡಿಯುಟ್ಟು ಕುಳಿತಿರುತ್ತಿದ್ದುವೆ? ಇದು ಜನ ಮಾಡಿದ ಮಾತಲ್ಲ, ಅರೆಪಾಂಡಿತ್ಯದ ಮಾತು. ಜನರ ಮಾತು ಬೇಕಾದರೆ ಹಳಗನ್ನಡದ ‘ಮರ್ದು’ ಇಂದಿಗೂ ‘ಮದ್ದು’ ಆಗಿ ಬದುಕಿದೆ. ಹಿತ್ತಲ ಗಿಡವಾದ್ದರಿಂದ ಪಂಡಿತರಿಗೆ ಅದು ಮದ್ದಲ್ಲ!

ಒಂದು ಅಕ್ಷರಕ್ಕೆ ಇಷ್ಟು ರಗಳೆಯೆ ಎನ್ನಬೇಡಿ. ಓಷಧಿಯಿಂದ ಅನ್ನ ಹುಟ್ಟಿತೆನ್ನುತ್ತದೆ ತೈತ್ತಿರೀಯ ಉಪನಿಷತ್ತು. ಅದನ್ನು ‘ಔಷಧಿ’ ಎಂದು ತಿದ್ದಿದರೆ ಮಾತ್ರೆಯಿಂದ ಅನ್ನ ಹುಟ್ಟಬೇಕಾದೀತು. ಉಮ್ಮತ್ತಿಯೂ ವೈದ್ಯಗ್ರಂಥಗಳಲ್ಲಿ ಬರುವ ಗಿಡ. ಬಲ್ಲ ವೈದ್ಯನು ಶೋಧಿಸಿ, ಅಳೆದು ಕೊಟ್ಟರೆ ಔಷಧ, ಕಿತ್ತು ತಿಂದರೆ ವಿಷ. ಗಿಡಕ್ಕೂ ಮದ್ದಿಗೂ ನಡುವೆ ವೈದ್ಯನ ಕೈ, ತಕ್ಕಡಿ, ವಿವೇಕ ಇವೆಯೆಂಬುದನ್ನು ಆ ಎರಡು ಶಬ್ದಗಳು ಕಾದುಕೊಂಡಿದ್ದುವು. ಎರಡನ್ನೂ ಕಲಸಿದವರು ಆ ಕಾವಲನ್ನೇ ತೆಗೆದರು. ಕೆಂಪು ಮಸಿ ಇನ್ನು ಮುಂದಾದರೂ ‘ಔಷಧಿ’ಯ ಮೇಲೆ ಬೀಳಲಿ.