ಮೀಸೆ ಬಿಟ್ಟರೆ ಸಾಲದು, ಬಾಯಿಯನ್ನೂ ಬಿಡಬೇಕು

ನವೆಂಬರ್ ಬಂದ್ರೆ ಇನ್‌ಸ್ಟಾಗ್ರಾಮ್ ತುಂಬ 'ನೋ ಶೇವ್' ಗಡ್ಡಗಳು. ಶೇವಿಂಗ್‌ನಲ್ಲಿ ಉಳಿಯುವ ದುಡ್ಡನ್ನು ಕ್ಯಾನ್ಸರ್‌ಗೆ ಕೊಡಬೇಕು ಅನ್ನೋ ಅದರ ಮೂಲ ಉದ್ದೇಶ ಮಾತ್ರ ಗಡ್ಡದೊಳಗೆ ಮುಚ್ಚಿಹೋಗಿದೆ.

ಇದೇ ತಿಂಗಳ ಇನ್ನೊಂದು ಅಭಿಯಾನ 'ಮೊವೆಂಬರ್' ನೋಡಿ. 2003ರಲ್ಲಿ ಮೆಲ್ಬರ್ನ್‌ನ ಇಬ್ಬರು ಗೆಳೆಯರು, ಫ್ಯಾಷನ್‌ನಿಂದ ಮರೆಯಾಗಿದ್ದ ಮೀಸೆಯನ್ನು ವಾಪಸ್ ತರೋಣ ಅಂತ ತಮಾಷೆಗೆ ಶುರು ಮಾಡಿದ್ರು. 30 ಮಂದಿ ಸೇರಿದ್ರು. ಮರುವರ್ಷ ಅದೇ ತಮಾಷೆ ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಸುಮಾರು 54,000 ಆಸ್ಟ್ರೇಲಿಯನ್ ಡಾಲರ್ ಕೂಡಿಸಿತು. "ಏನಪ್ಪಾ ಇದು ಮೀಸೆ?" ಅಂತ ಜನ ನಗ್ತಾರೆ, ಆ ನಗುವಿನ ಸಂದಿಯಲ್ಲೇ ಗಂಡಸರು ಹೇಳಿಕೊಳ್ಳದ ಕಾಯಿಲೆಯ ಮಾತು ನುಸುಳುತ್ತೆ, ದೇಣಿಗೆಯೂ ಬರುತ್ತೆ. ಗಂಡಸುತನದ ಗುರುತೇ ಗಂಡಸರ ಮೌನ ಮುರಿಯೋದು ಇದರ ನಿಜವಾದ ರಾಜಕಾರಣ.

ನಮ್ಮಲ್ಲಿ ಆ ಮೌನ ಇನ್ನೂ ದುಬಾರಿ. ಭಾರತದ ಗಂಡಸರನ್ನು ಅತಿ ಹೆಚ್ಚು ಕಾಡೋದು ಮೀಸೆಯ ಕೆಳಗಿರುವ ಬಾಯಿಯ ಕ್ಯಾನ್ಸರ್. ಮುಖ್ಯ ಕಾರಣ ತಂಬಾಕು. ಮೀಸೆಯ ಜೋಕು ಸರ್ಕಾರದ ಆರೋಗ್ಯ ಬಜೆಟ್‌ಗೆ ಬದಲಿಯಲ್ಲ, ನಿಜ. ಆದ್ರೆ ಗುಟ್ಕಾ ಜಗಿಯೋ ಗೆಳೆಯನಿಗೆ ಉಪದೇಶಕ್ಕಿಂತ ಜೋಕು ಬೇಗ ತಟ್ಟುತ್ತೆ. ಈ ನವೆಂಬರ್‌ನಲ್ಲಿ ಅವನನ್ನು ನಗಿಸಿ, ಹಾಗೇ ಕನ್ನಡಿ ಮುಂದೆ ಬಾಯಿ ತೆರೆಸಿ. ವಾಸಿಯಾಗದ ಹುಣ್ಣೋ ಬಿಳಿ ಮಚ್ಚೆಯೋ ಕಂಡರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಸೆಲ್ಫಿ ಆಮೇಲೆ.