ಮೆಜೆಸ್ಟಿಕ್ಕಿನಲ್ಲಿ ಕೈಬಿಟ್ಟ ಅಣ್ಣ-ತಮ್ಮ

ಹುಟ್ಟೋಕೆ ಆತುರ, ಸಾಯೋಕೆ ಮಾತ್ರ ಆರಾಮ. 1940ರ ದಶಕದ ಕೊನೆಯಲ್ಲಿ ಭೌತವಿಜ್ಞಾನಿಗಳ ನಿದ್ದೆ ಕೆಡಿಸಿದ ಕಣಗಳ ಸ್ವಭಾವ ಇದು. 1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ಅವರಿಗೆ ಕಾಸ್ಮಿಕ್ ಕಿರಣಗಳ ಫೋಟೊ ಒಂದರಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂಥ ಗುರುತು ಕಂಡಿತು. ಎಲ್ಲಿಂದಲೋ ಬಂದ, ಕಣ್ಣಿಗೆ ಕಾಣದ ಕಣವೊಂದು ಅಲ್ಲಿ ಎರಡಾಗಿ ಒಡೆದಿತ್ತು.

ಇಂಥ ಕಣಗಳು ಹುಟ್ಟೋಕೆ ತಗೊಳ್ಳೋ ಸಮಯ ಬರೆಯಬೇಕಂದ್ರೆ ಸೊನ್ನೆ ಪಾಯಿಂಟ್ ಆದ ಮೇಲೆ 22 ಸೊನ್ನೆ ಹಾಕಿ ಒಂದು ಬರೀಬೇಕು, ಅಷ್ಟು ಸೆಕೆಂಡು. ಬದುಕೋ ಸಮಯಕ್ಕೆ ಬರೀ 9 ಸೊನ್ನೆ ಸಾಕು. ನಮಗೆ ಎರಡೂ ಒಂದೇ ಅನ್ಸತ್ತೆ, ಆದರೆ ನಡುವೆ ಲಕ್ಷ ಕೋಟಿ ಪಟ್ಟಿಗೂ ಮೀರಿದ ಅಂತರ ಇದೆ. ಅಷ್ಟು ಸಲೀಸಾಗಿ ಹುಟ್ಟಿದ್ದು ಅಷ್ಟೇ ಸಲೀಸಾಗಿ ಸಾಯಬೇಕಲ್ಲ? ಸಾಯಲ್ಲ. ಅದಕ್ಕೇ ಇವುಗಳ ಹೆಸರು 'ಸ್ಟ್ರೇಂಜ್', ಅಂದರೆ ವಿಚಿತ್ರ ಕಣಗಳು.

1953ರಲ್ಲಿ ಅಮೆರಿಕದ ಗೆಲ್‌ಮನ್ ಒಂದು ಕಡೆ, ಜಪಾನಿನ ನಕಾನೊ ಮತ್ತು ನಿಶಿಜಿಮಾ ಇನ್ನೊಂದು ಕಡೆ ಇದಕ್ಕೆ ಉತ್ತರ ಕೊಟ್ಟರು. ವಿಚಿತ್ರತೆ ಅನ್ನೋ ಒಂದು ಲೆಕ್ಕದ ಖಾತೆ ಇದೆ. ಪ್ರಬಲ ಬಲ ಆ ಖಾತೆಯನ್ನು ಯಾವತ್ತೂ ಸೊನ್ನೆಗೇ ಟ್ಯಾಲಿ ಮಾಡುತ್ತೆ, ಹಾಗಾಗಿ ಪ್ಲಸ್ ಒಂದು, ಮೈನಸ್ ಒಂದು ಅಂತ ಜೋಡಿಯಾಗೇ ಹುಟ್ಟಿಸುತ್ತೆ. ಜೋಡಿ ದೂರವಾದ ಮೇಲೆ ಒಬ್ಬೊಬ್ಬರ ಲೆಕ್ಕ ಚುಕ್ತಾ ಮಾಡೋ ಅಧಿಕಾರ ಇರೋದು ದುರ್ಬಲ ಬಲಕ್ಕೆ ಮಾತ್ರ. ಅದೋ, ಸರ್ಕಾರಿ ಕಚೇರಿಯ ವೇಗದ್ದು.

ಇವತ್ತು ಇದನ್ನ ಸ್ಟ್ರೇಂಜ್ ಕ್ವಾರ್ಕ್ ಹೆಸರಲ್ಲಿ ವಿವರಿಸ್ತಾರೆ. ಡಿಕ್ಕಿಗೆ ಬರೋ ಪ್ರೋಟಾನಿನ ಕಾಯಂ ಸದಸ್ಯರು ಅಪ್ ಮತ್ತು ಡೌನ್ ಕ್ವಾರ್ಕ್‌ಗಳು. ಹಾಗಾಗಿ ಹೊರಬಂದ ವಿಚಿತ್ರ ಕಣಗಳೊಳಗಿನ ಸ್ಟ್ರೇಂಜ್ ಕ್ವಾರ್ಕು ಹೆಚ್ಚುಕಮ್ಮಿ ಡಿಕ್ಕಿಯಲ್ಲೇ ಹೊಸದಾಗಿ ಆದದ್ದು. ಒಳಗೆ ಏನು ಬೆಂದಿದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? 1982ರಲ್ಲಿ ರಫೆಲ್‌ಸ್ಕಿ ಮತ್ತು ಮ್ಯುಲ್ಲರ್ ಇದನ್ನೇ ಹೇಳಿದರು: ಭಾರವಾದ ಪರಮಾಣು ಬೀಜಗಳು ಗುದ್ದಿ, ಕ್ವಾರ್ಕ್‌ಗಳು ಬಿಡಿಬಿಡಿಯಾದ ಸಾರು, ಅಂದರೆ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಆದರೆ, ವಿಚಿತ್ರ ಕಣಗಳು ಜಾಸ್ತಿ ಸಿಗಬೇಕು. ಆ ಸಾರು ಆಗೋಕೆ ಸುಮಾರು 2 ಲಕ್ಷ ಕೋಟಿ ಡಿಗ್ರಿ ಶಾಖ ಬೇಕು. ಸೂರ್ಯನ ಹೊಟ್ಟೆಯೊಳಗೆ ಇರೋದು ಒಂದೂವರೆ ಕೋಟಿ. (ಸರ್ನ್ ಅಂದ ತಕ್ಷಣ 'ದೇವಕಣ' ಅಂತ ಹೆಡ್‌ಲೈನ್ ಹಾಕೋರು ಇಂಥದ್ದಕ್ಕೂ ಒಂದು ಕಾಲಂ ಕೊಡಬಹುದಿತ್ತು.)

ಈಗ ನನಗೆ ತುಂಬಾ ಇಷ್ಟವಾದ ಭಾಗ. ರೆಸೊನೆನ್ಸ್‌ಗಳು.

ಇವು ಕಣಗಳಿಗೆ ಕಣ, ಕ್ಷಣಕ್ಕೆ ಕ್ಷಣ. ಕೆ-ಸ್ಟಾರ್ ಅಂತ ಒಂದಿದೆ. ಬೆಳಕು ಎರಡು-ಮೂರು ಪ್ರೋಟಾನ್ ದಾಟೋಷ್ಟರಲ್ಲಿ ಇದರ ಆಯಸ್ಸೇ ಮುಗಿದು, ಒಂದು ಕೇಯಾನ್ ಮತ್ತು ಒಂದು ಪಯಾನ್ ಆಗಿಬಿಡುತ್ತೆ. ಇದನ್ನ ಯಾವ ಡಿಟೆಕ್ಟರೂ ನೇರವಾಗಿ ನೋಡಲ್ಲ. ಮತ್ತೆ ಇದೆ ಅಂತ ಹೇಗೆ ಹೇಳ್ತಾರೆ?

ಇಲ್ಲಿಂದ ಇದು ನಮ್ಮ ಏರಿಯಾ, ಡೇಟಾ ಕೆಲಸ. ಸಿಕ್ಕಿದ ಒಂದೊಂದು ಕೇಯಾನನ್ನೂ ಒಂದೊಂದು ಪಯಾನಿನ ಜೊತೆ ಜೋಡಿಸಿ, ಶಕ್ತಿ ಮತ್ತು ಸಂವೇಗ ಕೂಡಿಸಿ, ಇವು ಒಂದೇ ತಾಯಿಯ ಮಕ್ಕಳಾಗಿದ್ದರೆ ತಾಯಿಯ ತೂಕ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕ್ತಾರೆ. ಸೀಸದ ಬೀಜಗಳ ಒಂದೇ ಡಿಕ್ಕಿಯಲ್ಲಿ ಸಾವಿರಾರು ಕಣ ಬರೋದ್ರಿಂದ ಬಹುಪಾಲು ಜೋಡಿಗಳು ಸುಳ್ಳು. ಸುಳ್ಳು ಎಷ್ಟು ಅಂತ ತಿಳಿಯೋಕೆ ಒಂದು ಚಂದದ ಉಪಾಯ ಇದೆ: ಒಂದು ಡಿಕ್ಕಿಯ ಕೇಯಾನ್, ಬೇರೆ ಡಿಕ್ಕಿಯ ಪಯಾನ್ ತಗೊಂಡು ಜೋಡಿಸೋದು. ಇವು ಒಡಹುಟ್ಟಿದವು ಆಗೋಕೆ ಸಾಧ್ಯವೇ ಇಲ್ಲ. ಆ ಗ್ರಾಫನ್ನ ಮೊದಲಿನದರಿಂದ ಕಳೆದರೆ 890ರ ಆಸುಪಾಸಲ್ಲಿ ಒಂದು ಗುಬ್ಬ ಉಳಿಯುತ್ತೆ. ಅದೇ ಕೆ-ಸ್ಟಾರ್. ಗುಬ್ಬ ಎಷ್ಟು ಅಗಲವೋ ಆಯಸ್ಸು ಅಷ್ಟು ಕಮ್ಮಿ. ಫೈ ಅನ್ನೋ ಇನ್ನೊಂದು ರೆಸೊನೆನ್ಸಿನ ಗುಬ್ಬ ಸಪೂರ. ಅದು ಕೆ-ಸ್ಟಾರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬದುಕುತ್ತೆ.

ಈ ಆಯಸ್ಸಿನ ವ್ಯತ್ಯಾಸವೇ ಗಡಿಯಾರ. ಗೌರಿ ಹಬ್ಬದ ಹಿಂದಿನ ಸಂಜೆಯ ಮೆಜೆಸ್ಟಿಕ್ ನೆನಪಿಸ್ಕೊಳ್ಳಿ. ಅಣ್ಣ-ತಮ್ಮ ಪ್ಲಾಟ್‌ಫಾರ್ಮ್ ಮಧ್ಯದಲ್ಲೇ ಕೈಬಿಟ್ಟರೆ ಜನ ತಳ್ಳಿ ತಳ್ಳಿ ಒಬ್ಬನನ್ನ ಒಂದು ಕಡೆಗೆ, ಇನ್ನೊಬ್ಬನನ್ನ ಇನ್ನೊಂದು ಕಡೆಗೆ ಹೊತ್ತೊಯ್ತಾರೆ. ಹೊರಗೆ ಕ್ಯಾಮೆರಾ ಹಿಡಿದು ನಿಂತವನಿಗೆ ಇವರು ಒಟ್ಟಿಗೆ ಹೊರಟವರು ಅಂತ ಗೊತ್ತೇ ಆಗಲ್ಲ. ಗೇಟು ದಾಟಿ ಕೈಬಿಟ್ಟವರದು ಮಾತ್ರ ಲೆಕ್ಕಕ್ಕೆ ಸಿಗುತ್ತೆ.

ಪ್ಲಾಸ್ಮಾ ತಣ್ಣಗಾದ ಮೇಲೂ ಸ್ವಲ್ಪ ಹೊತ್ತು ಕಣಗಳ ಇಂಥ ನೂಕುನುಗ್ಗಲು ಇರುತ್ತೆ. ಕೆ-ಸ್ಟಾರ್ ಒಳಗೇ ಒಡೆಯುತ್ತೆ, ಮಕ್ಕಳು ಕಳೆದುಹೋಗ್ತಾರೆ. ಫೈ ಹೊರಗೆ ಬಂದು ಒಡೆಯುತ್ತೆ. ಎಲ್‌ಎಚ್‌ಸಿಯ ಆಲಿಸ್ ಪ್ರಯೋಗ ಅಳೆದಾಗ ಹಾಗೇ ಆಯ್ತು: ಸೀಸದ ಬೀಜಗಳು ನೇರಾನೇರ ಗುದ್ದಿದಾಗ ಕೇಯಾನುಗಳಿಗೆ ಹೋಲಿಸಿದರೆ ಕೆ-ಸ್ಟಾರ್ ಕಮ್ಮಿ, ಫೈ ಹೆಚ್ಚುಕಮ್ಮಿ ಇದ್ದಷ್ಟೇ. ಎಷ್ಟು ಕಮ್ಮಿ ಅನ್ನೋದರಿಂದ ಆ ನೂಕುನುಗ್ಗಲು ಎಷ್ಟು ಹೊತ್ತು ಇತ್ತು ಅಂತ ಅಂದಾಜು ಮಾಡ್ತಾರೆ. ಕಾಣೆಯಾದವರನ್ನ ಎಣಿಸಿ ಸಮಯ ಹೇಳೋದು! ಕಾಣೆಯಾದ ಲಾಗುಗಳಿಂದ ಸರ್ವರ್ ಯಾವಾಗ ಮಲಗಿತು ಅಂತ ಹುಡುಕೋ ನಮ್ಮಂಥವರಿಗೆ ಇದು ಅರ್ಥವಾಗದೇ ಇರುತ್ತಾ?

ಆಲಿಸ್‌ನಲ್ಲಿ ನಮ್ಮವರ ಕೈವಾಡವೂ ಇದೆ. ಅದರ ಫೋಟಾನ್ ಎಣಿಸುವ ಡಿಟೆಕ್ಟರ್ ಕಟ್ಟಿದ್ದು ಕೋಲ್ಕತ್ತಾದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರ ಮತ್ತು ದೇಶದ ಬೇರೆ ಸಂಸ್ಥೆಗಳು ಸೇರಿ.

ಇಷ್ಟರವರೆಗೆ ಎಲ್ಲ ಸರಿ. ತಕರಾರು ಶುರುವಾದದ್ದು 2017ರಲ್ಲಿ. ಎ/ಬಿ ಟೆಸ್ಟಿನಲ್ಲಿ ಏನೂ ಬದಲಾಯಿಸದ ಒಂದು ಗುಂಪು ಇಟ್ಕೊಳ್ತೀವಲ್ಲ, ಹಾಗೆ ಇಲ್ಲಿ ಪ್ರೋಟಾನ್-ಪ್ರೋಟಾನ್ ಡಿಕ್ಕಿ. ಅಷ್ಟು ಚಿಕ್ಕ ಜಾಗದಲ್ಲಿ ಪ್ಲಾಸ್ಮಾ ಎಲ್ಲಿಂದ ಬರಬೇಕು ಅನ್ನೋ ನಂಬಿಕೆ. ಆದರೆ ತುಂಬಾ ಕಣಗಳು ಸಿಡಿದ ಪ್ರೋಟಾನ್ ಡಿಕ್ಕಿಗಳನ್ನ ಬೇರೆ ಮಾಡಿ ನೋಡಿದಾಗ, ಅಲ್ಲೂ ವಿಚಿತ್ರ ಕಣಗಳ ಪಾಲು ಏರ್ತಾ ಹೋಗಿತ್ತು. ಮೂರೂ ಸ್ಟ್ರೇಂಜ್ ಕ್ವಾರ್ಕೇ ಇರೋ ಒಮೆಗಾ ಎಲ್ಲರಿಗಿಂತ ಜೋರಾಗಿ ಏರಿತ್ತು. ಗುದ್ದಿದ್ದು ಪ್ರೋಟಾನೋ ಸೀಸವೋ ಅನ್ನೋದಕ್ಕಿಂತ ಎಷ್ಟು ಕಣ ಹೊರಬಂತು ಅನ್ನೋದೇ ಮುಖ್ಯ ಅನ್ನುವ ಹಾಗೆ. ಪಿಥಿಯಾ ಅಂತ ಈ ಕ್ಷೇತ್ರದಲ್ಲಿ ಎಲ್ಲರೂ ಬಳಸೋ ಸಿಮ್ಯುಲೇಶನ್ ಪ್ರೋಗ್ರಾಂ ಇದೆ, ಆಗಿನ ಅದರ ಮಾಮೂಲಿ ಆವೃತ್ತಿ ಅಲ್ಲಿ ಸಪಾಟು ಗೆರೆ ಎಳೆದಿತ್ತು.

ಪ್ರೋಟಾನ್ ಡಿಕ್ಕಿಯಲ್ಲೂ ಪ್ಲಾಸ್ಮಾದ ಹನಿ ಆಗ್ತಿದೆ ಅನ್ನೋರು ಒಂದು ಗುಂಪು. ಪ್ಲಾಸ್ಮಾ ಏನೂ ಬೇಡ, ಕ್ವಾರ್ಕ್‌ಗಳ ನಡುವಿನ ಬಲದ ಎಳೆಗಳು ಒತ್ತಾಗಿ ಹುರಿಗೊಂಡು ಹಗ್ಗವಾದರೂ ಇದೇ ಫಲಿತಾಂಶ ಬರುತ್ತೆ ಅನ್ನೋರು ಇನ್ನೊಂದು ಗುಂಪು. ನನಗೆ ಹಗ್ಗದ ವಾದ ಹಿಡಿಸುತ್ತೆ, ಯಾಕಂದ್ರೆ ಅದು ಇರೋ ಕೋಡನ್ನೇ ತಿದ್ದಿ ನೋಡೋಣ ಅನ್ನುತ್ತೆ. ಆದರೆ ಪ್ರೋಟಾನ್ ಡಿಕ್ಕಿಯಲ್ಲೂ ಕೆ-ಸ್ಟಾರ್ ಕಮ್ಮಿಯಾಗುವ ಸಣ್ಣ ಸುಳಿವು ಸಿಕ್ಕಿದೆ. ಅಷ್ಟು ಚಿಕ್ಕ ಜಾಗದಲ್ಲಿ ಮೆಜೆಸ್ಟಿಕ್ ಹೇಗೆ ಬಂತು ಅಂತ ಹಗ್ಗದವರೂ ಹೇಳಬೇಕಾಗುತ್ತೆ.

ಪ್ರೋಟಾನ್ ತೀರಾ ಚಿಕ್ಕದು, 208 ಪ್ರೋಟಾನ್-ನ್ಯೂಟ್ರಾನುಗಳ ಸೀಸ ತೀರಾ ದೊಡ್ಡದು. ನಡುವೆ ಏನಾಗುತ್ತೆ ಅಂತ ನೋಡೋಕೆ 2025ರ ಜುಲೈನಲ್ಲಿ ಎಲ್‌ಎಚ್‌ಸಿಯಲ್ಲಿ ಮೊದಲ ಬಾರಿಗೆ ಆಕ್ಸಿಜನ್ ಬೀಜಗಳನ್ನ ಗುದ್ದಿಸಿದರು. ಅದರಲ್ಲಿರೋದು 16.