ಗೋಡೆಗೆ ನೀರು ಹಾಕುವವರು ಯಾರು?

ಕಾಪುವಿನಲ್ಲಿ ಬಸ್ ಹತ್ತಿ, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಕಾಲೇಜು ಸೇರುವವನು ನಾನು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಇತ್ತೀಚೆಗೆ ಒಂದೇ ಕೆಲಸ, ಹಸಿರು ಗೋಡೆಗಳನ್ನು ಎಣಿಸುವುದು. ಉಡುಪಿ–ಮಣಿಪಾಲದ ಕೆಫೆ, ಶೋರೂಂ, ಅಪಾರ್ಟ್‌ಮೆಂಟ್‌ಗಳಲ್ಲಿ ಗೋಡೆ ತುಂಬಾ ಗಿಡ, ಮಧ್ಯದಲ್ಲಿ ಹೊಳೆಯುವ ನಿಯಾನ್ ಅಕ್ಷರ. ಹತ್ತಿರ ಹೋಗಿ ಮುಟ್ಟಿದರೆ ಕೆಲವು ನಿಜ, ಕೆಲವು ಪ್ಲಾಸ್ಟಿಕ್. ಸೆಲ್ಫಿಯಲ್ಲಿ ಮಾತ್ರ ಎರಡೂ ಒಂದೇ.

ನಗುವ ಹಕ್ಕು ನನಗಿಲ್ಲ. ಯಾಕೆಂದರೆ ಅಂಥದ್ದೊಂದು ಗೋಡೆಯನ್ನು ಕೊಂದವರಲ್ಲಿ ನಾನೂ ಒಬ್ಬ.

ಎರಡನೇ ವರ್ಷದಲ್ಲಿ ಕಾಲೇಜು ಫೆಸ್ಟ್‌ಗೆಂದು ನಾವು ಏಳು ಮಂದಿ ಸೇರಿ ‘ಜೀವಂತ ಕಲಾಕೃತಿ’ ಮಾಡಿದೆವು. 12 ಅಡಿ ಅಗಲ, 8 ಅಡಿ ಎತ್ತರದ ಕಬ್ಬಿಣದ ಚೌಕಟ್ಟು, 240 ಚಿಕ್ಕ ಕುಂಡಗಳು, ಹನಿ ನೀರಾವರಿ ಪೈಪು, ಟೈಮರ್ ಇರುವ ಒಂದು ಪಂಪು. ಮನಿ ಪ್ಲಾಂಟ್ ಮತ್ತು ಜರಿಗಿಡಗಳ ಬಣ್ಣ ಹೊಂದಿಸಿ ಯಕ್ಷಗಾನದ ಕಿರೀಟದ ಆಕಾರ ಬರಿಸಿದ್ದೆವು. ಮೂರು ದಿನ ಫೋಟೊ ತೆಗೆಸಿಕೊಳ್ಳುವವರ ಸಾಲೇ ಸಾಲು. ಆಮೇಲೆ ಪರೀಕ್ಷೆ ಬಂತು, ರಜೆ ಬಂತು. ಯಾರೋ ಮೇನ್ ಸ್ವಿಚ್ ಆರಿಸಿದ್ದರು. ಏಪ್ರಿಲ್ ಬಿಸಿಲಿಗೆ ಒಂಬತ್ತೇ ದಿನದಲ್ಲಿ ಕಿರೀಟ ಕಂದು ಬಣ್ಣಕ್ಕೆ ತಿರುಗಿತ್ತು. ಒಣಗಿದ ಎಲೆ ಗುಡಿಸುತ್ತಿದ್ದ ಅಕ್ಕ ಕೇಳಿದರು, “ಗಿಡ ಇಟ್ಟದ್ದೆಲ್ಲ ಸರಿ ಮಾರಾಯ, ನೀರು ಹಾಕುವವರು ಯಾರು ಅಂತ ಮೊದಲೇ ಮಾತಾಡಿರಲಿಲ್ವಾ?”

ಇಲ್ಲ, ಮಾತಾಡಿರಲಿಲ್ಲ. ನಮ್ಮ ಪ್ರಾಜೆಕ್ಟ್ ವರದಿಯಲ್ಲಿ ಪಂಪಿನ ಸಾಮರ್ಥ್ಯ ಇತ್ತು, ಚೌಕಟ್ಟಿನ ಭಾರದ ಲೆಕ್ಕ ಇತ್ತು. ಆ ಒಂದು ಸಾಲು ಮಾತ್ರ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಓದು. ಗಿಡವನ್ನೇ ಕಲೆಯಾಗಿಸಿದ ದೊಡ್ಡವರು ಈ ಪ್ರಶ್ನೆಯನ್ನು ಹೇಗೆ ನಿಭಾಯಿಸಿದರು? ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಲಂಬ ಉದ್ಯಾನವನ್ನು ಜನಪ್ರಿಯಗೊಳಿಸಿದವರು. ಅವರ ವಿಧಾನದಲ್ಲಿ ಮಣ್ಣೇ ಇಲ್ಲ. ಲೋಹದ ಚೌಕಟ್ಟು, ಅದರ ಮೇಲೆ ಪಿವಿಸಿ ಹಾಳೆ, ಅದಕ್ಕೆ ದಪ್ಪ ಫೆಲ್ಟ್ ಬಟ್ಟೆ. ಬೇರು ಬಟ್ಟೆಗೆ ಅಂಟಿಕೊಳ್ಳುತ್ತದೆ, ಪೋಷಕಾಂಶ ಬೆರೆತ ನೀರು ಮೇಲಿನಿಂದ ಇಳಿಯುತ್ತದೆ. ಗೋಡೆಗೆ ಭಾರ ಕಡಿಮೆ. ಆದರೆ ನೀರು ನಿಂತರೆ ಗಿಡವೂ ನಿಂತಿತು. ನೆಲದಲ್ಲಿರುವ ಗಿಡ ಬೇರನ್ನು ಆಳಕ್ಕೆ ಇಳಿಸಿ ಒಂದು ವಾರ ತಾಳೀತು. ಗೋಡೆಯ ಗಿಡಕ್ಕೆ ಆ ಆಳವೇ ಇಲ್ಲ. ಅದು ಆಸ್ಪತ್ರೆಯ ಐಸಿಯುನಲ್ಲಿರುವ ರೋಗಿಯಂತೆ ಸದಾ ಪೈಪಿನ ಆಸರೆಯಲ್ಲೇ ಬದುಕಬೇಕು.

ಸ್ಪೇನ್‌ನ ಬಿಲ್ಬಾವೊ ನಗರದ ಗುಗೆನ್‌ಹೈಮ್ ಮ್ಯೂಸಿಯಂ ಎದುರು ಜೆಫ್ ಕೂನ್ಸ್ ಅವರ ‘ಪಪ್ಪಿ’ ಇದೆ. ಸಾವಿರಾರು ಹೂಗಿಡಗಳಿಂದಲೇ ಆದ ನಾಯಿಮರಿ, ಎತ್ತರ ಸುಮಾರು 12 ಮೀಟರ್. 1997ರಿಂದ ಅಲ್ಲೇ ಇದೆ. ವರ್ಷಕ್ಕೆ ಎರಡು ಸಲ ಗಿಡಗಳನ್ನೆಲ್ಲ ಬದಲಿಸುತ್ತಾರೆ. ಅದರ ಹೊಟ್ಟೆಯೊಳಗಿನ ನೀರಿನ ವ್ಯವಸ್ಥೆ ಹಳತಾದಾಗ, 2021ರಲ್ಲಿ ದುರಸ್ತಿಗೆಂದು ಮ್ಯೂಸಿಯಂ ಸಾರ್ವಜನಿಕರಿಂದ ದೇಣಿಗೆ ಕೇಳಿತು. ಅಂದರೆ ಆ ಕಲಾಕೃತಿ ಉಳಿದಿರುವುದು ಕಲಾವಿದನ ಹೆಸರಿನಿಂದಷ್ಟೇ ಅಲ್ಲ, ಪೈಪು ನೋಡಿಕೊಳ್ಳುವವರಿಂದ.

ಜರ್ಮನಿಯ ಜೋಸೆಫ್ ಬೋಯ್ಸ್ 1982ರಲ್ಲಿ ಕಾಸೆಲ್ ನಗರದಲ್ಲಿ 7000 ಮರ ನೆಡುವ ಕಲಾಕೃತಿ ಆರಂಭಿಸಿದರು. ಪ್ರತಿ ಮರದ ಪಕ್ಕ ಒಂದು ಕಪ್ಪು ಶಿಲೆ. ಅವರು 1986ರಲ್ಲಿ ತೀರಿಕೊಂಡರು, ಕೊನೆಯ ಮರ ನೆಟ್ಟದ್ದು 1987ರಲ್ಲಿ. ಇದನ್ನು ಓದುವಾಗ ನನಗೆ ನೆನಪಾದದ್ದು ಸಾಲುಮರದ ತಿಮ್ಮಕ್ಕ. ಹುಲಿಕಲ್–ಕುದೂರು ರಸ್ತೆಯಲ್ಲಿ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಅವರು ಬೆಳೆಸಿದ ಆಲದ ಸಾಲನ್ನು ಯಾರೂ ‘ಇನ್‌ಸ್ಟಲೇಷನ್’ ಎನ್ನಲಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ವಿಸ್ತರಣೆಯ ಭೀತಿಯೂ ಬಂತು, ಮರ ಉಳಿಸಿ ಎಂದು ಅವರು ಮುಖ್ಯಮಂತ್ರಿಯವರಲ್ಲಿ ಕೇಳಿಕೊಳ್ಳಬೇಕಾಯಿತು.

ನಗರಗಳ ಇಂದಿನ ಹುರುಪು ಬೇರೆ ಬಗೆಯದು. ಮೆಕ್ಸಿಕೋ ಸಿಟಿಯಲ್ಲಿ 2016ರಲ್ಲಿ ಮೇಲ್ಸೇತುವೆಯ ಕಂಬಗಳಿಗೆ ಗಿಡ ತೊಡಿಸುವ ಯೋಜನೆ ಶುರುವಾಯಿತು. ಬೆಂಗಳೂರಿನ ಹೊಸೂರು ರಸ್ತೆಯ ಕಂಬಗಳಿಗೂ ಗಿಡಗಳು ಏರಿದವು. ನೋಡಲು ಚೆಂದವೇ. ಆದರೆ ಮೆಕ್ಸಿಕೋದಲ್ಲಿ ಟೀಕಾಕಾರರು ಎತ್ತಿದ ಪ್ರಶ್ನೆ ನಮಗೂ ಬೇಕು: ಅದೇ ಹಣದಲ್ಲಿ ನೆಲದ ಮೇಲೆ ಎಷ್ಟು ಮರ ನೆಡಬಹುದಿತ್ತು?

ನಮ್ಮ ಜಿಲ್ಲೆಗೆ ಬನ್ನಿ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಸಮುದ್ರ ಸೇರುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆಯಲ್ಲಿ ನೀರು ತಳ ಕಂಡಾಗ ಉಡುಪಿ ನಗರದಲ್ಲಿ ಕೊಡ ಹಿಡಿದು ಟ್ಯಾಂಕರ್‌ಗೆ ಕಾದದ್ದು ನೆನಪಿದೆಯಾ? ನಮ್ಮ ಪುಟ್ಟ ಗೋಡೆಗೇ ದಿನಕ್ಕೆ ಸುಮಾರು 40 ಲೀಟರ್ ಬೇಕಿತ್ತು. ಏಪ್ರಿಲ್–ಮೇಯಲ್ಲಿ ಆ ನೀರು ಯಾರ ಕೊಡದಿಂದ ಬರಬೇಕು? ಹಸಿರು ಗೋಡೆ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ವಿಚಿತ್ರ ನೋಡಿ. ಮಳೆಗಾಲದಲ್ಲಿ ನಮ್ಮ ಮುರಕಲ್ಲಿನ ಪಾಗಾರದ ಮೇಲೆ ಪಾಚಿ, ಜರಿಗಿಡ ತಾವಾಗಿಯೇ ಬೆಳೆಯುತ್ತವೆ. ಖರ್ಚಿಲ್ಲದ ಲಂಬ ಉದ್ಯಾನ! ಅದನ್ನು ಕೆರೆದು, ಸಿಮೆಂಟ್ ಬಳಿದು, ಪೇಂಟ್ ಹೊಡೆದು, ಮತ್ತೆ ಅದರ ಮೇಲೆ ಕುಂಡ ನೇತು ಹಾಕುತ್ತೇವೆ.

ಗಿಡದೊಂದಿಗೆ ಕಾಲವನ್ನೂ ಲೆಕ್ಕ ಹಾಕುವುದು ನಮ್ಮೂರಿಗೆ ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಉಡುಪಿ ಪರ್ಯಾಯದ ಸಿದ್ಧತೆ ಶುರುವಾಗುವುದೇ ಬಾಳೆ ಮುಹೂರ್ತದಿಂದ. ಒಂದು ವರ್ಷಕ್ಕೂ ಮೊದಲೇ ಬಾಳೆ, ತುಳಸಿ ಗಿಡ ನೆಡುತ್ತಾರೆ. ಪರ್ಯಾಯಕ್ಕೆ ಎಲೆ, ಹಣ್ಣು ಬೇಕೆಂದರೆ ಮಧ್ಯದ ಅಷ್ಟೂ ತಿಂಗಳು ಯಾರೋ ನೀರು ಹಾಕಲೇಬೇಕು. ಅಂಗಳದ ತುಳಸಿಕಟ್ಟೆಯೂ ಹಾಗೆಯೇ. ಅಲ್ಲಿ ಕಟ್ಟೆ ಮೊದಲಲ್ಲ, ದಿನಾ ಒಂದು ಚೆಂಬು ನೀರು ಮೊದಲು.

ಹೀಗೆ ಬರೆಯುವಾಗ ಒಂದು ನೋವನ್ನೂ ಹೇಳಬೇಕು. ಕಾರ್ಕಳದ ಹತ್ತಿರ ನನ್ನ ಅಮ್ಮನ ಕುಟುಂಬದ ನಾಗಬನ ಇದೆ. ನಾನು ಸಣ್ಣವನಿದ್ದಾಗ ಅಲ್ಲಿ ರೆಂಜೆ, ಸುರಗಿ ಮರ, ಬೆತ್ತದ ಬಳ್ಳಿ. ಹಗಲಲ್ಲೂ ತಂಪು ಕತ್ತಲು. ಜೀರ್ಣೋದ್ಧಾರದ ಹೊತ್ತಿಗೆ ಮರಗಳು ಹೋದವು, ಗ್ರಾನೈಟ್ ಹಾಸಿದ ಕಟ್ಟೆ ಬಂತು. ಮಾವನ ಮಾತಿನಲ್ಲೂ ನ್ಯಾಯವಿದೆ. ಬೇರು ಕಲ್ಲುಗಳನ್ನು ಎತ್ತುತ್ತಿತ್ತು, ವಯಸ್ಸಾದವರು ಜಾರಿ ಬೀಳುತ್ತಿದ್ದರು, ಎಲೆ ತೆಗೆಯಲು ಜನ ಸಿಗುತ್ತಿರಲಿಲ್ಲ. ಆದರೆ ಈಗ ತಂಬಿಲಕ್ಕೆ ನೆರಳಿಲ್ಲವೆಂದು ಶಾಮಿಯಾನ ಬಾಡಿಗೆಗೆ ತರುತ್ತೇವೆ. ಕಳೆದ ಸಲ ಅಜ್ಜಿ ಶಾಮಿಯಾನದ ಕಂಬ ಹಿಡಿದು ನಿಂತು, “ರೆಂಜೆ ಮರ ಇದ್ದದ್ದು ಇಲ್ಲೇ ಅಲ್ವಾ?” ಎಂದರು. ಯಾರೂ ಉತ್ತರ ಕೊಡಲಿಲ್ಲ. ಜಿಲ್ಲೆಯಲ್ಲಿ ಇಂಥ ಬನಗಳು ಇನ್ನೆಷ್ಟೋ. ಬನ ಕಡಿದು, ಪೇಟೆಯ ಗೋಡೆಯ ಮೇಲೆ ಮನಿ ಪ್ಲಾಂಟ್ ಬೆಳೆಸಿದರೆ ಲೆಕ್ಕ ಸಮವಾಗುವುದಿಲ್ಲ. ಹೆದ್ದಾರಿ 66ರ ವಿಸ್ತರಣೆಗೆ ಹೋದ ಮರಗಳ ನೆರಳನ್ನು ಡಿವೈಡರ್‌ನ ಹೂಗಿಡ ಕೊಡುವುದಿಲ್ಲ.

ಹಾಗಾದರೆ ಹಸಿರು ಗೋಡೆ ಬೇಡವೇ? ಬೇಕು. ಎಲ್ಲಿ ನೆಲವೇ ಇಲ್ಲವೋ, ಎಲ್ಲಿ ಕಾಂಕ್ರೀಟ್ ಕಾದು ಕೂರುವುದಕ್ಕೂ ಆಗುವುದಿಲ್ಲವೋ ಅಲ್ಲಿ ಬೇಕು. ಬಿಸಿಲು ಬೀಳುವ ಗೋಡೆಗೆ ಎಲೆಯ ಹೊದಿಕೆ ಇದ್ದರೆ ಒಳಗೆ ತಂಪು. ಆದರೆ ಮೂರು ಶರತ್ತು ಇರಲಿ. ಒಂದು, ಇರುವ ಮರ, ಬನ ಉಳಿಸಿಕೊಂಡ ಮೇಲಷ್ಟೇ ಗೋಡೆ. ಎರಡು, ಕುಡಿಯುವ ನೀರು ಮುಟ್ಟಬಾರದು. ಮೂರು, ಕಟ್ಟುವ ಹಣದ ಜೊತೆಗೇ ಮುಂದಿನ ಐದು ವರ್ಷ ನೋಡಿಕೊಳ್ಳುವವರ ಸಂಬಳವೂ ಬಜೆಟ್‌ನಲ್ಲಿರಬೇಕು. ಕೆಲಸ ಹುಡುಕುತ್ತಿರುವ ಗೆಳೆಯರು ಗಮನಿಸಿ, ಈ ಮೂರನೆಯದು ಉದ್ಯೋಗ ಕೂಡ. ತೇವಾಂಶದ ಸೆನ್ಸರ್ ಗೊತ್ತಿರುವ ಡಿಪ್ಲೊಮಾ ಹುಡುಗ, ಗಿಡದ ರೋಗ ಗುರುತಿಸುವ ನರ್ಸರಿಯ ಅಕ್ಕ, ಇಬ್ಬರೂ ಬೇಕಾದ ಕೆಲಸ.

ನಾವು ಮತ್ತೆ ಪ್ರಯತ್ನಿಸಿದೆವು. ಈ ಬಾರಿ 60 ಕುಂಡ ಮಾತ್ರ, ಊರಿನ ಜರಿಗಿಡ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ. ಕಂಪ್ಯೂಟರ್ ಲ್ಯಾಬಿನ ಎಸಿ ಪೈಪಿಗೆ ಬಕೆಟ್ ಇಟ್ಟು ಅಳೆದಾಗ, ನಮ್ಮ ಕರಾವಳಿಯ ಸೆಕೆಗೆ ಒಂದೊಂದರಿಂದ ದಿನಕ್ಕೆ 10 ಲೀಟರ್‌ಗಿಂತ ಹೆಚ್ಚು ನೀರು ಸಿಕ್ಕಿತು. ಚರಂಡಿಗೆ ಹೋಗುತ್ತಿದ್ದ ಆ ನೀರೇ ಈಗ ಗೋಡೆಗೆ. ರಜೆಯಲ್ಲಿ ಎಸಿ ಓಡುವುದಿಲ್ಲವಲ್ಲ, ಆಗ ಬಾವಿಯ ನೀರನ್ನು ಕೈಯಲ್ಲೇ ಹೊತ್ತು ಹಾಕುತ್ತೇವೆ. ಕಲಾಕೃತಿಗೆ ಹೆಸರು ಇಡಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಚಿಕ್ಕ ಬೋರ್ಡ್ ಇದೆ, ‘ಈ ವಾರ ನೀರು ಹಾಕುವವರು’ ಎಂದು. ಕೆಳಗೆ ಸೀಮೆಸುಣ್ಣದಲ್ಲಿ ಇಬ್ಬರ ಹೆಸರು. ಪರೀಕ್ಷೆಯ ವಾರವೂ ಆ ಜಾಗ ಖಾಲಿ ಇರಲಿಲ್ಲ.